ಒಂದೇ ವ್ಯಾನಿಗೆ ಇಬ್ಬರನ್ನು ಹತ್ತಿಸಿದ ಹಸಿರು ಟಿಕ್

ಬಿಡುಗಡೆ ತಪಾಸಣಾ ಯಂತ್ರ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಯಾವ ದೇಶದ ಯಾವ ಕಟ್ಟಡದ ಯಾವ ತಣ್ಣನೆಯ ಕೋಣೆಯಲ್ಲಿ ವಿರಾಜಮಾನರಾಗಿದ್ದೀರಿ ಎಂಬುದು ನನಗೆ ಗೊತ್ತಿಲ್ಲ. ಹೀಗಾಗಿ ಯಾವ ದಿಕ್ಕಿಗೆ ತಿರುಗಿ ಕೈಮುಗಿಯಬೇಕೆಂದು ತಿಳಿಯದೆ, ಸದ್ಯಕ್ಕೆ ಗೋಡೆಯ ಮೇಲಿನ ಪ್ಲಗ್ ಪಾಯಿಂಟಿಗೆ ಕೈಮುಗಿದು ಈ ಪತ್ರವನ್ನು ಆರಂಭಿಸುತ್ತಿದ್ದೇನೆ. ತಮ್ಮ ಫ್ಯಾನುಗಳು ತಿರುಗುತ್ತಿರಲಿ, ತಮ್ಮ ವೈರುಗಳನ್ನು ಇಲಿ ಕಡಿಯದಿರಲಿ, ತಮ್ಮ ಹಸಿರು ದೀಪವೂ ಕೆಂಪು ದೀಪವೂ ಸುಖವಾಗಿರಲಿ. ಇಷ್ಟಾದ ಮೇಲೆ ‘ನಾವಿಲ್ಲಿ ಕ್ಷೇಮ’ ಎಂದು ಬರೆಯುವುದು ವಾಡಿಕೆ; ಆದರೆ ಅದಕ್ಕೂ ತಮ್ಮ ಒಪ್ಪಿಗೆ ಬೇಕೇನೋ ಎಂಬ ಅನುಮಾನದಿಂದ ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ.

ತಮಗೆ ನನ್ನ ಪರಿಚಯ ಚೆನ್ನಾಗಿಯೇ ಇದೆ. ತಮ್ಮ ಬಾಗಿಲು ತಟ್ಟಿ, ಕೆಂಪು ಅಡ್ಡಗೆರೆ ಹಾಕಿಸಿಕೊಂಡು, ಮುಖ ಸಣ್ಣ ಮಾಡಿಕೊಂಡು ಹಿಂದಿರುಗುವವಳು ನಾನೇ. ಆದರೆ ಪತ್ರ ಬಹಿರಂಗವಾದದ್ದರಿಂದ ಇತರರಿಗೂ ತಿಳಿಯಲಿ ಎಂದು ಹೇಳುತ್ತೇನೆ. ನಾನು ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಬಂದವರ ಗದ್ದವನ್ನು ಯಂತ್ರದ ಮೇಲೆ ಇಡಿಸಿ, ಗಾಜು ಬದಲಿಸುತ್ತಾ, ‘ಇದು ಚೆನ್ನಾಗಿ ಕಾಣುತ್ತಾ, ಅದು ಚೆನ್ನಾಗಿ ಕಾಣುತ್ತಾ’ ಎಂದು ಕೇಳುವುದು ನನ್ನ ಹೊಟ್ಟೆಪಾಡು. ಅದರ ನಡುವೆ ಸಿಕ್ಕಿದ ಬಿಡುವಿನಲ್ಲಿ ‘ಸರದಿ’ ಎಂಬ ಪ್ಲಗಿನ್ನನ್ನು ಸಾಕುತ್ತೇನೆ. ಪ್ಲಗಿನ್ ಎಂದರೆ ಅಂಗಿಗೆ ಆಮೇಲೆ ಹೊಲಿದುಕೊಂಡ ಜೇಬಿನ ಹಾಗೆ. ಯಾರದೋ ವೆಬ್‌ಸೈಟಿಗೆ ಇದನ್ನು ಅಂಟಿಸಿಕೊಂಡರೆ, ಅಲ್ಲಿಗೆ ಬಂದವರು ತಮಗೆ ಬೇಕಾದ ಹೊತ್ತನ್ನು ಕಾದಿರಿಸಬಹುದು. ಕ್ಷೌರದಂಗಡಿಯವರು, ಈಜುಕೊಳದವರು, ಹಲ್ಲಿನ ಡಾಕ್ಟರು ಮುಂತಾದವರು ಅಂಟಿಸಿಕೊಂಡಿದ್ದಾರೆ. ಇದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಬಿಟ್ಟಿಯಾಗಿ ಬಳಸಬಹುದು. ಕೆಟ್ಟರೆ ನನ್ನನ್ನು ಬಿಟ್ಟಿಯಾಗಿ ಬೈಯಲೂಬಹುದು.

ತಾವು ನಮ್ಮ ಮನೆಗೆ ಬಂದದ್ದು ನನ್ನ ಭಾವನ ಕೃಪೆಯಿಂದ. ನನ್ನ ಅಕ್ಕನ ಗಂಡನಾದ ಅವರು ‘ಸರದಿ’ಯ ಇನ್ನೊಬ್ಬ ಪಾಲಕರು, ಉದ್ಯೋಗದಲ್ಲಿ ಲಿಫ್ಟ್ ತಪಾಸಣೆಯವರು. ಯಾರ ಮನೆಗೆ ಹೋದರೂ ಮೊದಲು ಲಿಫ್ಟಿನೊಳಗೆ ತೂಗುಹಾಕಿದ ಪ್ರಮಾಣಪತ್ರವನ್ನು ಓದಿ, ಅದರ ಅವಧಿ ಮುಗಿದಿದ್ದರೆ ಮೆಟ್ಟಿಲು ಹತ್ತಿಕೊಂಡು ಬಂದು, ನೀರು ಕೇಳುವ ಮೊದಲು ಆ ಮನೆಯವರಿಗೆ ಬುದ್ಧಿ ಹೇಳುವ ಪೈಕಿ. ‘ಸರದಿ’ಯ ಪ್ರತಿ ಹೊಸ ಆವೃತ್ತಿಯೂ ಜನರ ಕೈಗೆ ಹೋಗುವ ಮುನ್ನ ತಮ್ಮ ತಪಾಸಣೆಗೆ ಒಳಪಡಬೇಕು, ತಾವು ಹಸಿರು ಟಿಕ್ ಕೊಡಬೇಕು, ಆಮೇಲೆ ನಮ್ಮಿಬ್ಬರಲ್ಲಿ ಬರೆದವರನ್ನು ಬಿಟ್ಟು ಇನ್ನೊಬ್ಬರು ಒಪ್ಪಿಗೆ ಒತ್ತಬೇಕು ಎಂದು ಕಾನೂನು ಮಾಡಿದವರು ಅವರೇ. “ಯಂತ್ರಕ್ಕೆ ನೆಂಟಸ್ತನ ಗೊತ್ತಿಲ್ಲ ನೋಡು, ಅದಕ್ಕೇ ಒಳ್ಳೇದು” ಎಂದು ಅವರು ಹೇಳಿದಾಗ, ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದ ಅಕ್ಕ, “ನಿಮಗೂ ಗೊತ್ತಿಲ್ಲ ಬಿಡಿ” ಎಂದಿದ್ದಳು.

ಇನ್ನು ದೂರಿನ ವಿಷಯಕ್ಕೆ ಬರುತ್ತೇನೆ. ಈಚೆಗೆ ನಾವು ಒಂದು ಹೊಸ ಆವೃತ್ತಿಯನ್ನು ಬಿಡುಗಡೆ ಮಾಡಿದೆವು. ಒಮ್ಮೆ ಬುಕ್ ಮಾಡಿದರೆ ಪ್ರತಿ ವಾರವೂ ಅದೇ ಹೊತ್ತು ತಾನಾಗಿಯೇ ಕಾದಿರಿಸಲ್ಪಡುವ ಸೌಲಭ್ಯ ಅದರಲ್ಲಿತ್ತು. ತಾವು ಅದರ ಅಲ್ಪವಿರಾಮಗಳನ್ನೂ ಆವರಣ ಚಿಹ್ನೆಗಳನ್ನೂ ಒಂದೊಂದಾಗಿ ಮುಟ್ಟಿ ನೋಡಿ ಹಸಿರು ಟಿಕ್ ದಯಪಾಲಿಸಿದಿರಿ. ಆದರೆ ಅದರೊಳಗೆ ಒಂದು ದೋಷ ಆರಾಮಾಗಿ ಕಾಲು ಚಾಚಿಕೊಂಡು ಕೂತಿತ್ತು. ವಾರವಾರದ ಬುಕಿಂಗ್ ಮಾಡಿದ ಇಬ್ಬರು ಒಂದೇ ಹೊತ್ತನ್ನು ಕೇಳಿದರೆ, ಮೊದಲು ಕೇಳಿದವರಿಗೆ ಕೊಟ್ಟು ಎರಡನೆಯವರಿಗೆ ‘ಇಲ್ಲ’ ಎನ್ನಬೇಕಾಗಿದ್ದ ನಮ್ಮ ‘ಸರದಿ’, ಯಾರಿಗೂ ಇಲ್ಲವೆನ್ನದ ಮಹಾ ಧಾರಾಳಿಯಾಗಿ ಇಬ್ಬರಿಗೂ ‘ಆಗಲಿ’ ಎಂದುಬಿಡುತ್ತಿತ್ತು. ಇದು ತಮ್ಮ ದಿವ್ಯದೃಷ್ಟಿಗೆ ಬೀಳಲಿಲ್ಲ. ತಮ್ಮ ಕಣ್ಣಿಗೆ ಯಾವ ನಂಬರಿನ ಗಾಜು ಬೇಕಾದೀತೆಂದು ಒಮ್ಮೆ ಪರೀಕ್ಷಿಸಿ ನೋಡುವ ಆಸೆ ನನಗೆ ಆಗಲೇ ಹುಟ್ಟಿತು. ಆದರೆ ಗದ್ದ ಎಲ್ಲಿ ಇಡಿಸುವುದು?

ಕ್ಷೌರದಂಗಡಿಯಲ್ಲಿ ಇಬ್ಬರು ಒಟ್ಟಿಗೆ ಬಂದರೆ ಒಬ್ಬರು ಪೇಪರ್ ಓದುತ್ತಾ ಕೂರುತ್ತಾರೆ, ಅಷ್ಟೇ. ಆದರೆ ‘ಸರದಿ’ಯನ್ನು ನಂಬಿದವರಲ್ಲಿ ಒಂದು ವೀಲ್‌ಚೇರ್ ವ್ಯಾನೂ ಇದೆ. ನಡೆಯಲಾಗದವರನ್ನು ಆಸ್ಪತ್ರೆಗೆ, ವ್ಯಾಯಾಮಕ್ಕೆ, ಪರೀಕ್ಷೆಗೆ ಕರೆದೊಯ್ದು ವಾಪಸು ಬಿಡುವ ವ್ಯಾನು. ಇರುವುದು ಅದೊಂದೇ, ಅದರ ಹಿಂಭಾಗದಲ್ಲಿ ಗಾಲಿ ಕಚ್ಚಿಸುವ ಕೊಂಡಿಯಿರುವುದೂ ಒಂದೇ ವೀಲ್‌ಚೇರಿಗೆ. ನಡೆಸುವವರು ಒಬ್ಬ ನಿವೃತ್ತ ನರ್ಸು, ಎಲ್ಲರ ಬಾಯಲ್ಲಿ ‘ಸಿಸ್ಟರ್’. ಓಡಿಸುವವರಿಗೆ ಸ್ವಂತ ಹೆಸರೊಂದು ಇದ್ದೀತು, ಆದರೆ ಹತ್ತಿದವರೆಲ್ಲ ‘ಸಾರಥಿ’ ಎಂದು ಕರೆದೂ ಕರೆದೂ ಅವರೂ ಅದಕ್ಕೇ ತಿರುಗಿ ನೋಡುತ್ತಾರೆ.

ಒಂದು ಬೆಳಗ್ಗೆ ನಾನು ಅಂಗಡಿಯಲ್ಲಿ ಒಬ್ಬರ ಗದ್ದ ಇಡಿಸಿ ಲೈಟು ಬಿಡುವ ಹೊತ್ತಿಗೆ ಸಿಸ್ಟರ್ ಫೋನು ಬಂತು. “ಏನಮ್ಮಾ, ನಿನ್ನ ಸರದಿಗೆ ಏನ್ ಬಂತು? ಒಂದೇ ವ್ಯಾನು, ಒಂದೇ ಹೊತ್ತು, ಎರಡು ಜನ! ಟೈಲರಮ್ಮನ್ನ ಹತ್ತಿಸ್ಕೊಂಡು ಹೊರಟಿದ್ದಾನೆ ಸಾರಥಿ, ಅಷ್ಟರಲ್ಲಿ ಲೆಕ್ಕದ ಮೇಷ್ಟ್ರು ಅವರ ಮನೆ ಗೇಟಲ್ಲಿ ನಿಂತು ವಾಕರ್ ಅಲ್ಲಾಡಿಸ್ತಿದ್ದಾರಂತೆ!”

ಟೈಲರಮ್ಮ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ವೀಲ್‌ಚೇರಿಗೆ ಬಂದವರು. ಲೆಕ್ಕದ ಮೇಷ್ಟ್ರು ಮಂಡಿಯ ಆಪರೇಷನ್ ಆಗಿ ವಾಕರ್ ಹಿಡಿದು ನಡೆಯುವ ನಿವೃತ್ತ ಉಪಾಧ್ಯಾಯರು. ಇಬ್ಬರಿಗೂ ಒಂದೇ ಕಡೆ ಫಿಸಿಯೋಥೆರಪಿ. ಹೊತ್ತು ಬಿಟ್ಟುಕೊಡಲು ಇಬ್ಬರೂ ತಯಾರಿಲ್ಲ. ಇಬ್ಬರ ಫೋನಿನಲ್ಲೂ ತಮ್ಮ ಆಶೀರ್ವಾದ ಪಡೆದ ‘ನಿಮ್ಮ ಬುಕಿಂಗ್ ಖಚಿತವಾಗಿದೆ’ ಎಂಬ ಸಾಲು ಇತ್ತು. ಕೊನೆಗೆ ಸಾರಥಿ ತನ್ನ ಪಕ್ಕದ ಸೀಟಿನ ಮೇಲೆ ಗುಡ್ಡೆಯಾಗಿದ್ದ ಬಟ್ಟೆ, ನೀರಿನ ಬಾಟಲಿ, ಹಳೆಯ ಹಾರ್ನುಗಳನ್ನೆಲ್ಲ ಕೆಳಗಿಳಿಸಿ ಮೇಷ್ಟ್ರನ್ನು ಅಲ್ಲಿ ಕೂರಿಸಿದರು. ದಾರಿಯುದ್ದಕ್ಕೂ ಹಿಂದಿನಿಂದ ಟೈಲರಮ್ಮ, ಮುಂದಿನಿಂದ ಮೇಷ್ಟ್ರು. “ನಂಗೆ ವ್ಯಾನಿನ ಹಾರ್ನೇ ಕೇಳಿಸ್ಲಿಲ್ಲ ಕಣಮ್ಮ” ಎಂದು ಸಾರಥಿ ಆಮೇಲೆ ನನಗೆ ವರದಿ ಒಪ್ಪಿಸಿದರು.

ನಾನು ಆ ದಿನದಿಂದಲೇ ದೋಷ ಹುಡುಕಲು ಕೂತೆ. ಆದರೆ ‘ಸರದಿ’ಯ ಒಳಗೆ ಒಂದು ಕಡೆ ಎಳೆದ ದಾರ ಇನ್ನೆಲ್ಲೋ ನೆರಿಗೆಯಾಗಿ ಏಳುತ್ತದೆ, ಗಿರಾಕಿಗಳ ನಡುವೆ ಸಿಕ್ಕ ಬಿಡುವಿನಲ್ಲಿ ಅದು ಕೈಗೆ ಸಿಗಲಿಲ್ಲ. ಅಷ್ಟು ದಿನವೂ ಟೈಲರಮ್ಮನೂ ಮೇಷ್ಟ್ರೂ ಒಟ್ಟಿಗೇ ಹೋಗಿಬಂದರು. ಸಾರಥಿಯ ಫೋನು ಬಂದಾಗೆಲ್ಲ ಹೊಸ ಸುದ್ದಿ. ಮೇಷ್ಟ್ರ ಪ್ಯಾಂಟಿನ ಅಂಚು ಉದ್ದವಾಗಿದೆ, ವಾಕರಿನ ಕಾಲಿಗೆ ಸಿಕ್ಕಿಕೊಂಡು ಬೀಳುತ್ತೀರಿ ಎಂದು ಟೈಲರಮ್ಮ ಹೇಳಿದರಂತೆ. ಅಳತೆ ನಾನೇ ಲೆಕ್ಕ ಹಾಕಿ ಕೊಟ್ಟದ್ದು, ತಪ್ಪಿರಲು ಸಾಧ್ಯವೇ ಇಲ್ಲ ಎಂದು ಮೇಷ್ಟ್ರು ಹೇಳಿದರಂತೆ. ಮರುಸಲ ಫಿಸಿಯೋಥೆರಪಿಯ ಬಾಗಿಲಲ್ಲಿ ಟೈಲರಮ್ಮ ವೀಲ್‌ಚೇರಿನಿಂದಲೇ ಬಗ್ಗಿ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು, ಮೇಷ್ಟ್ರು ಬೇಡ ಬೇಡ ಎನ್ನುತ್ತಿರುವಾಗಲೇ ಎರಡೂ ಅಂಚನ್ನು ಮಡಚಿ ಪಿನ್ನು ಹಾಕಿಬಿಟ್ಟರಂತೆ. ಇದನ್ನೆಲ್ಲ ಕೇಳಿ ನಾನು ನಕ್ಕೆ. ನಗುವಷ್ಟು ಪುರುಸೊತ್ತು ಆಗ ಇತ್ತು.

ಅದು ನಿಂತದ್ದು ವ್ಯಾನಿಗೆ ಎರಡು ವೀಲ್‌ಚೇರು ಒಟ್ಟಿಗೆ ಬಂದ ದಿನ. ಒಂದು ಲಾಂಡ್ರಿ ಅಂಗಡಿಯವರದು, ಡಯಾಲಿಸಿಸ್‌ಗೆ ಹೋಗಬೇಕಿದ್ದವರು. ಇನ್ನೊಂದು ಕಾಲು ಮುರಿದುಕೊಂಡಿದ್ದ ಒಬ್ಬ ಹುಡುಗಿಯದು, ವಾರಕ್ಕೊಂದರಂತೆ ಇದ್ದ ಪರೀಕ್ಷೆಗೆ ಹೋಗಬೇಕಿದ್ದವಳು. ಪಕ್ಕದ ಸೀಟು ಖಾಲಿ ಮಾಡಿದರೆ ಬಗೆಹರಿಯುವ ಮಾತಾಗಿರಲಿಲ್ಲ. ರಕ್ತ ಶುದ್ಧಿಯಾಗದೆ ಮನುಷ್ಯ ಉಳಿಯುವುದಿಲ್ಲ, ಪರೀಕ್ಷೆಯನ್ನು ಇನ್ನೊಂದು ದಿನಕ್ಕೆ ಹಾಕುವುದಿಲ್ಲ. ಸಿಸ್ಟರ್ ಲಾಂಡ್ರಿಯವರನ್ನು ಹತ್ತಿಸಿ ಕಳಿಸಿದರು. ಹುಡುಗಿಯ ವೀಲ್‌ಚೇರನ್ನು ಬೀದಿಯ ಫರ್ನಿಚರ್ ಅಂಗಡಿಯವರು ಸಾಮಾನು ಸಾಗಿಸುವ ಗಾಡಿಗೆ ಎತ್ತಿ, ಹಗ್ಗ ಕಟ್ಟಿ, ಇಬ್ಬರು ಆಳುಗಳು ಎರಡು ಕಡೆಯಿಂದ ಹಿಡಿದುಕೊಂಡು ನಿಧಾನವಾಗಿ ಸಾಗಿಸಿದರು. ಅವಳು ಪರೀಕ್ಷಾ ಕೊಠಡಿಗೆ ಕೊನೆಯವಳಾಗಿ ಹೋದಳು, ಆದರೆ ಹೋದಳು. ಅವಳ ತಾಯಿ ನನ್ನ ನಂಬರು ಪತ್ತೆ ಮಾಡಿ ಫೋನಿಸಿ, ಕಿರುಚಲಿಲ್ಲ, ಬೈಯಲಿಲ್ಲ. “ನಮ್ಮ ಹುಡುಗಿ ಸೋಫಾ ಅಲ್ಲ ಕಣ್ರೀ” ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಮಾನ್ಯರೇ, ತಾವು ನನಗೆ ಬರೆದ ಯಾವ ಕೆಂಪು ಅಕ್ಷರವೂ ಆ ಮಾತಿನಷ್ಟು ಚುಚ್ಚಿಲ್ಲ. 

ಮಾರನೆಯ ದಿನ ಅಂಗಡಿಗೆ ರಜೆ ಹಾಕಿ, ಟೈರ್ ಅಂಗಡಿಯ ಹಿಂದಿರುವ ವ್ಯಾನಿನ ಕಚೇರಿಗೆ ಬೆಳಗ್ಗೆಯೇ ಹೋದೆ. ಕಚೇರಿ ಎಂದರೆ ಒಂದು ಮೇಜು, ಒಂದು ಫೋನು, ಸಿಸ್ಟರ್. ಅವರು ‘ಸರದಿ’ಯನ್ನು ಬಂದ್ ಮಾಡಿಬಿಟ್ಟಿದ್ದರು. ಗೋಡೆಗೆ ಕರಿಹಲಗೆ ತೂಗುಹಾಕಿ ಸೀಮೆಸುಣ್ಣದಲ್ಲಿ ಬುಕಿಂಗ್ ಬರೆಯುತ್ತಿದ್ದರು. “ಇದಕ್ಕೆ ಅಪ್‌ಡೇಟ್ ಬೇಕಾಗಿಲ್ಲ ನೋಡು” ಎಂದರು. ಬೇಜಾರಿನಿಂದಲೋ ತಮಾಷೆಗೋ ತಿಳಿಯಲಿಲ್ಲ. ನಾನು ಒಂದು ಕಿವಿಯಲ್ಲಿ ಫೋನು ಹಿಡಿದು ಬುಕಿಂಗ್ ತೆಗೆದುಕೊಳ್ಳುತ್ತಾ, ಇನ್ನೊಂದು ಕೈಯಲ್ಲಿ ಕೋಡ್ ಸರಿಸುತ್ತಾ ಕೂತೆ. ಜನ ಫೋನಿನಲ್ಲಿ “ಮತ್ತೆ ಯಾರನ್ನೂ ನಮ್ಮ ಮೇಲೆ ಕೂರಿಸಲ್ಲ ತಾನೇ?” ಎಂದು ಕೇಳುವುದನ್ನು ಕೇಳುತ್ತಾ ಕೇಳುತ್ತಾ ಕೋಡನ್ನು ಓದಿದರೆ ಎಲ್ಲಿ ನೋಡಬೇಕೆಂಬುದು ಬೇಗ ಹೊಳೆಯುತ್ತದೆ. ದೋಷ ಸಿಕ್ಕಿತು. ಒಂದೇ ಸಾಲು. ತಿದ್ದಿ, ಹುರುಪಿನಿಂದ ತಮ್ಮ ಸನ್ನಿಧಿಗೆ ಕಳಿಸಿದೆ.

ಆಗ ಆರಂಭವಾಯಿತು ತಮ್ಮ ಕರ್ತವ್ಯನಿಷ್ಠೆ. ದೋಷವಿದ್ದ ಆವೃತ್ತಿಗೆ ಸೆಲ್ಯೂಟ್ ಹೊಡೆದು ಬಾಗಿಲು ತೆರೆದಿದ್ದ ತಾವು, ದೋಷ ತೆಗೆದದ್ದನ್ನು ಹೊಸ್ತಿಲಲ್ಲಿಯೇ ತಡೆದಿರಿ. ಆವೃತ್ತಿ ಸಂಖ್ಯೆಯನ್ನು ಒಂದು ಫೈಲಿನಲ್ಲಿ ಬದಲಿಸಿ ಇನ್ನೊಂದರಲ್ಲಿ ಬದಲಿಸಿಲ್ಲ ಎಂದಿರಿ. ಸರಿ, ಬದಲಿಸಿದೆ. ‘ವಾರವಾರದ ಬುಕಿಂಗ್ ಮಾಡಿದ ಇಬ್ಬರನ್ನು ಒಂದೇ ಹೊತ್ತಿಗೆ ಹತ್ತಿಸುತ್ತಿದ್ದ ದೋಷವನ್ನು ಸರಿಪಡಿಸಲಾಗಿದೆ’ ಎಂಬ ಟಿಪ್ಪಣಿ ಉದ್ದವಾಯಿತು ಎಂದಿರಿ. ‘ಇಬ್ಬರು ಹತ್ತುತ್ತಿದ್ದರು, ಈಗಿಲ್ಲ’ ಎಂದು ಮೊಟಕು ಮಾಡಿದೆ. ಸತ್ತವರ ಸುದ್ದಿಯಂತೆ ಓದಿಸಿಕೊಂಡರೂ ತಮಗೆ ಹಿಡಿಸಿತು. ಆಮೇಲೆ ಸಾಲಿನ ಕೊನೆಯಲ್ಲಿ ಒಂದು ಖಾಲಿ ಜಾಗ ಉಳಿದಿದೆ ಎಂದಿರಿ. ಕಣ್ಣು ಪರೀಕ್ಷೆಯ ಹಲಗೆಯ ಕಟ್ಟಕಡೆಯ ಸಾಲನ್ನು ದೂರದಿಂದ ಓದಬಲ್ಲ ನಾನು, ಇಲ್ಲದ ಅಕ್ಷರವನ್ನು ಎಲ್ಲಿಂದ ಹುಡುಕಲಿ? ಮೂಗನ್ನು ಸ್ಕ್ರೀನಿಗೆ ಒತ್ತಿ ಆ ಶೂನ್ಯವನ್ನು ಹುಡುಕಿ ಅಳಿಸಿದೆ. ಕೊನೆಗೆ ತಾವು ದಯಪಾಲಿಸಿದ ಆಕ್ಷೇಪವಂತೂ ಅನುಪಮವಾದದ್ದು. ಟಿಪ್ಪಣಿಯಲ್ಲಿ ನಾನು ಹಾಕಿದ್ದ ತಾರೀಕು ಇನ್ನೂ ಬಂದಿಲ್ಲವಂತೆ! ನನ್ನ ಕಿಟಕಿಯಲ್ಲಿ ಬಿಸಿಲು ಬಂದಿತ್ತು, ಹೊರಗೆ ಟೈರಿಗೆ ಗಾಳಿ ಹೊಡೆಯುವ ಸದ್ದು ಬರುತ್ತಿತ್ತು, ಲಾಂಡ್ರಿಯವರು ಮುಂದಿನ ಡಯಾಲಿಸಿಸ್‌ಗೆ ಹೊತ್ತು ಕೇಳಿ ಫೋನು ಮಾಡಿದ್ದರು. ಆದರೆ ತಾವಿರುವ ಕಡೆ ಇನ್ನೂ ನಿನ್ನೆ. ಭವಿಷ್ಯದಿಂದ ಬಂದವರಿಗೆ ಪ್ರವೇಶವಿಲ್ಲ ಎಂದು ತಾವು ಬಾಗಿಲು ಹಾಕಿಕೊಂಡಿರಿ. ನಾನು ನಿನ್ನೆಯ ತಾರೀಕು ಹಾಕಿ ಸುಳ್ಳು ಬರೆದೆ. ತಾವು ಕೂಡಲೇ ನಿಜವೆಂದು ಒಪ್ಪಿದಿರಿ.

ಹಸಿರು ಟಿಕ್ ಬಂತು. ಉಳಿದದ್ದು ಭಾವನ ಒಪ್ಪಿಗೆ. ಫೋನು ಮಾಡಿದೆ, ಸಿಗಲಿಲ್ಲ. ಅವರು ಆಗ ಎತ್ತರದ ಕಚೇರಿ ಕಟ್ಟಡವೊಂದರ ಲಿಫ್ಟಿನ ಬಾವಿಯೊಳಗೆ ಇದ್ದರು, ಅಲ್ಲಿಗೆ ಸಿಗ್ನಲ್ ಇಳಿಯುವುದಿಲ್ಲ. ಅಕ್ಕನಿಗೆ ಫೋನು ಮಾಡಿದರೆ, “ನಂಗೂ ಸಿಗಲ್ಲ ಕಣೇ, ಮದುವೆಯಾದಾಗಿಂದ ಹಿಂಗೇ. ಹೋಗಿ ಹಿಡ್ಕೊ” ಎಂದಳು. ಹೋದೆ. ಲಿಫ್ಟಿನ ಬಾಗಿಲಿಗೆ ‘ತಪಾಸಣೆಯಲ್ಲಿದೆ, ಬಳಸಬೇಡಿ’ ಎಂಬ ಫಲಕ. ಕೆಳಗೆ ಭಾವನದೇ ಸಹಿ. ನಾನು ಮೆಟ್ಟಿಲು ಹತ್ತಿದೆ. ಹತ್ತುತ್ತಾ ಹತ್ತುತ್ತಾ ತಪಾಸಣೆ ಎಂಬ ಪದಕ್ಕೆ ಗೊತ್ತಿರುವ ಎಲ್ಲ ವಿಶೇಷಣಗಳನ್ನೂ ಹಚ್ಚಿ ಮುಗಿಸಿದೆ. ಮೇಲೆ ಮೋಟಾರಿನ ಕೋಣೆಯಲ್ಲಿ ಭಾವ ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡು, ತಂತಿ ಹಗ್ಗಕ್ಕೆ ಟಾರ್ಚು ಬಿಡುತ್ತಾ ಕೂತಿದ್ದರು.

“ಭಾವ, ಒಪ್ಪಿಗೆ ಒತ್ತಿ. ಒಂದೇ ಸಾಲು ಬದಲಾಗಿರೋದು.”

“ನೋಡದೆ ಒತ್ತಲ್ಲ. ಲಿಫ್ಟ್ ಬೀಳೋಕೂ ಒಂದೇ ಹಗ್ಗ ಸಾಕು.”

“ಯಂತ್ರ ಹಸಿರು ಕೊಟ್ಟಿದೆಯಲ್ಲ!”

“ಹೋದ ಸಲಾನೂ ಕೊಟ್ಟಿತ್ತಲ್ಲ.”

ಮಾನ್ಯರೇ, ತಮ್ಮನ್ನು ನಮ್ಮ ಮನೆಗೆ ಕರೆತಂದವರ ಬಾಯಿಂದಲೇ ಈ ಮಾತು ಬಂದದ್ದನ್ನು ತಮ್ಮ ಗಮನಕ್ಕೆ ತರಲು ನನಗೆ ಅತೀವ ಸಂಕೋಚವಾಗುತ್ತದೆ, ಆದ್ದರಿಂದ ಸಾವಕಾಶವಾಗಿ ತರುತ್ತಿದ್ದೇನೆ. ಅವರು ಕೈ ಒರೆಸಿಕೊಂಡು, ನನ್ನ ಫೋನನ್ನು ದೂರ ಹಿಡಿದು (ಓದುವ ಕನ್ನಡಕ ಮಾಡಿಸಿಕೊಳ್ಳಿ ಎಂದು ನಾನು ಹೇಳಿ ಸಾಕಾಗಿದೆ) ಆ ಒಂದು ಸಾಲನ್ನು ಕಾದಂಬರಿ ಓದುವ ಹಾಗೆ ಓದಿದರು. ಆಮೇಲೆ ಕೇಳಿದರು, “ವಾರವಾರ ಅಂತ ಬುಕ್ ಮಾಡಿದವರು ಒಂದು ವಾರ ಬರಲ್ಲ ಅಂತ ರದ್ದು ಮಾಡ್ತಾರೆ. ಆ ವಾರ ಆ ಹೊತ್ತು ಬೇರೆಯವರಿಗೆ ಸಿಗುತ್ತಾ?”

ಸಿಗುತ್ತದೆ ಎಂದೇ ನಾನು ನಂಬಿದ್ದೆ.  ಅಲ್ಲೇ ನೆಲದ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಪ್ರಯತ್ನಿಸಿ ನೋಡಿದರೆ, ಸಿಗುವುದಿಲ್ಲ. ವ್ಯಾನು ಖಾಲಿ ನಿಂತಿರುತ್ತದೆ, ‘ಸರದಿ’ ಮಾತ್ರ ‘ಭರ್ತಿಯಾಗಿದೆ’ ಎನ್ನುತ್ತದೆ. ಡಯಾಲಿಸಿಸ್‌ಗೆ ಹೊತ್ತು ಕೇಳಿದವರಿಗೂ ಹಾಗೆಯೇ ಅನ್ನುತ್ತದೆ. ತಾವು ಇದಕ್ಕೂ ಹಸಿರು ಕೊಟ್ಟಾಗಿತ್ತು. ಮೆಟ್ಟಿಲು ಹತ್ತಿ ಬೆವರಿದ್ದ ನನಗೆ ಬೇರೆ ಕಾರಣಕ್ಕೆ ಬೆವರು ಬಂತು.  ಭಾವ ನೀರಿನ ಬಾಟಲಿ ನನ್ನ ಕಡೆಗೆ ತಳ್ಳಿ ಮತ್ತೆ ಹಗ್ಗದ ಕಡೆಗೆ ತಿರುಗಿದರು. ನಾನು ಮೋಟಾರಿನ ಪಕ್ಕದಲ್ಲಿ ಕೂತು ಅದನ್ನೂ ಸರಿಪಡಿಸಿದೆ. ಮೊದಲಿನಂಥ ದೋಷ ಇನ್ನೊಮ್ಮೆ ತಮ್ಮನ್ನು ದಾಟಿ ಹೋಗದಿರಲೆಂದು, ‘ಒಂದು ವ್ಯಾನು, ಒಂದು ಹೊತ್ತು, ಒಬ್ಬರೇ’ ಎಂದು ಪ್ರತಿ ಆವೃತ್ತಿಯನ್ನೂ ಒರೆಹಚ್ಚುವ ಹೊಸ ಪರೀಕ್ಷೆಯೊಂದನ್ನು ಬರೆದು ತಮ್ಮ ಕೈಗಿತ್ತೆ. ಮತ್ತೆ ಕಳಿಸಿದೆ. ‘ತಮ್ಮ ಮುಂದೆ ಇತರರಿದ್ದಾರೆ, ಸರದಿಯಲ್ಲಿ ಕಾಯಿರಿ’ ಎಂದಿರಿ. ಜಗತ್ತಿಗೆಲ್ಲ ಸರದಿ ಹಂಚುವ ನನಗೆ ತಾವು ಸರದಿ ಹಂಚಿದ ಆ ಗಳಿಗೆಯಲ್ಲಿ ಭಾವ ನಕ್ಕದ್ದನ್ನು ನಾನು ಇನ್ನೂ ಕ್ಷಮಿಸಿಲ್ಲ. ಕಾದೆ. ಹಸಿರು ಬಂತು. ಭಾವ ಒರೆಸಿದ ಬೆರಳಲ್ಲೇ ಒಪ್ಪಿಗೆ ಒತ್ತಿದರು, ನನ್ನ ಫೋನಿನ ಗಾಜಿನ ಮೇಲೆ ಗ್ರೀಸಿನ ಗುರುತು ಉಳಿಯಿತು, ಬಿಡುಗಡೆ ಆಯಿತು.

ಸಿಸ್ಟರ್ ಕರಿಹಲಗೆ ಒರೆಸಿದರು. ಲಾಂಡ್ರಿಯವರಿಗೆ ಅವರ ಹೊತ್ತು ಸಿಕ್ಕಿತು. ಹುಡುಗಿ ಉಳಿದ ಪರೀಕ್ಷೆಗಳಿಗೆ ವ್ಯಾನಿನಲ್ಲಿಯೇ ಹೋದಳು. ಟೈಲರಮ್ಮನಿಗೆ ಒಂದು ಹೊತ್ತು, ಮೇಷ್ಟ್ರಿಗೆ ಇನ್ನೊಂದು. ಕತೆ ಇಲ್ಲಿಗೆ ಮುಗಿದಿದ್ದರೆ ತಮಗೂ ನನಗೂ ನೆಮ್ಮದಿ.

ಆದರೆ ‘ಸರದಿ’ಯ ದೂರುಪೆಟ್ಟಿಗೆಗೆ ಮೇಷ್ಟ್ರಿಂದ ಒಂದು ದೂರು ಬಂತು: ‘ತಮ್ಮ ಹೊಸ ಆವೃತ್ತಿಯಲ್ಲಿ ಚಾಲಕರ ಪಕ್ಕದ ಸೀಟಿನ ವ್ಯವಕಲನವಾಗಿದೆ. ದಯವಿಟ್ಟು ಸಂಕಲನ ಮಾಡತಕ್ಕದ್ದು.’ ನಾನು ಅದನ್ನು ವಯಸ್ಸಾದವರ ತಮಾಷೆ ಎಂದುಕೊಂಡು ಪಕ್ಕಕ್ಕಿಟ್ಟೆ. ಅಷ್ಟರಲ್ಲಿ ಟೈಲರಮ್ಮ, ಸೂಜಿಗೆ ದಾರ ಪೋಣಿಸಲು ಕಷ್ಟವಾಗುತ್ತಿದೆಯೆಂದು, ಸಾರಥಿಯ ಕೈಯಲ್ಲಿ ವೀಲ್‌ಚೇರು ತಳ್ಳಿಸಿಕೊಂಡು ನಮ್ಮ ಅಂಗಡಿಗೇ ಬಂದರು. ಗದ್ದ ಇಡಿಸಿ, ಗಾಜು ಬದಲಿಸಿ, ಇದು ಕಾಣುತ್ತಾ ಅದು ಕಾಣುತ್ತಾ ಎಂದು ಕೇಳುತ್ತಿದ್ದರೆ, ಅವರು ಅದಕ್ಕೆ ಉತ್ತರ ಕೊಡದೆ, “ನೀನೇನಾ ಆ ಸರದಿ ಮಾಡಿದವಳು?” ಎಂದರು.

“ಹೌದಮ್ಮಾ. ಈಗ ಸರಿಹೋಗಿದೆ ಅಲ್ವಾ?”

“ಏನ್ ಸರಿಹೋಯ್ತು? ಹೋಗ್ತಾ ಒಬ್ಳೇ, ಬರ್ತಾ ಒಬ್ಳೇ. ಮನೇಲಿ ಬೆಳಗಿಂದ ಸಂಜೆ ತನಕ ಹೊಲಿಗೆ ಮೆಷಿನ್ ಸದ್ದು ಬಿಟ್ರೆ ಇನ್ನೊಂದಿಲ್ಲ. ಅಲ್ಲಿ ಹೋದ್ರೆ ಕಾಲೆತ್ತಿ, ಕಾಲಿಳಿಸಿ ಅಂತಾರೆ, ಅದೂ ಒಂದು ಮಾತಾ? ಆ ಮೇಷ್ಟ್ರು ಬಾಯಿಬಡುಕ, ಒಪ್ಕೋತೀನಿ. ಆದ್ರೆ ಜಗಳ ಆಡೋಕೆ ಮನುಷ್ಯರಿಗೆ ಇನ್ನೊಬ್ಬರು ಬೇಕಲ್ಲಮ್ಮಾ.”

ಬಾಗಿಲಲ್ಲಿ ನಿಂತಿದ್ದ ಸಾರಥಿ ಮೆಲ್ಲಗೆ, “ಮೇಷ್ಟ್ರೂ ಈಗ ದಾರಿಯುದ್ದಕ್ಕೂ ಕಿಟಕಿ ನೋಡ್ಕೊಂಡು ಕೂರ್ತಾರೆ. ಆ ಪ್ಯಾಂಟಿನ ಪಿನ್ನು ಇನ್ನೂ ತೆಗೆದಿಲ್ಲ” ಎಂದರು.

ನಾನು ಗಾಜುಗಳ ಪೆಟ್ಟಿಗೆಯನ್ನು ಮುಚ್ಚಿಟ್ಟೆ. ಆ ಸೀಟು ಮೊದಲಿಂದಲೂ ಖಾಲಿ ಇತ್ತು. ಅದರ ಮೇಲೆ ಹಳೆಯ ಹಾರ್ನುಗಳು ಸವಾರಿ ಮಾಡುತ್ತಿದ್ದವು. ವೀಲ್‌ಚೇರಿನವರೊಬ್ಬರು, ವಾಕರಿನವರೊಬ್ಬರು ಒಂದೇ ಕಡೆಗೆ ಹೋಗುವವರಾದರೆ ಒಟ್ಟಿಗೆ ಹೋಗಬಾರದೆಂದು ಯಾರೂ ಹೇಳಿರಲಿಲ್ಲ; ಬೇಕೇ ಎಂದು ನಾವು ಯಾರನ್ನೂ ಕೇಳಿರಲಿಲ್ಲ, ಅಷ್ಟೇ.

ಆದ್ದರಿಂದ ಹೊಸ ಆವೃತ್ತಿಯೊಂದನ್ನು ಬರೆದೆ: ಇಬ್ಬರೂ ಒಪ್ಪಿದರೆ ಜೊತೆಯಾಗಿ ಹೋಗಬಹುದು. ತಮ್ಮ ಬಳಿ ಕಳಿಸಿದೆ. ತಾವು ಈ ಸಲ ತಾರೀಕು ಕೇಳಲಿಲ್ಲ, ಖಾಲಿ ಜಾಗ ಕೇಳಲಿಲ್ಲ. ನಾನೇ ತಮಗೆ ಕಲಿಸಿದ ಪರೀಕ್ಷೆಯನ್ನು ನನ್ನ ಮುಖಕ್ಕೇ ಹಿಡಿದಿರಿ. ಒಂದು ವ್ಯಾನು, ಒಂದು ಹೊತ್ತು, ಒಬ್ಬರೇ. ತಮ್ಮ ಶಿಷ್ಯತ್ವಕ್ಕೆ ಮೆಚ್ಚಿದೆ. ಪರೀಕ್ಷೆಯನ್ನೇ ತಿದ್ದಿ ಮತ್ತೆ ಕಳಿಸಿದಾಗ ಹಸಿರಾದಿರಿ. ಆದರೆ ಭಾವ, ಪರೀಕ್ಷೆಯನ್ನು ತಿದ್ದಿದ್ದಾಳೆ ಎಂದು ತಿಳಿದ ಕೂಡಲೇ ಹುಬ್ಬು ಮೇಲೇರಿಸಿದವರು, “ವ್ಯಾನು ನೋಡದೆ ಒತ್ತಲ್ಲ” ಎಂದು ಹಟ ಹಿಡಿದರು.

ಹೀಗಾಗಿ ಒಂದು ಬೆಳಗ್ಗೆ ಭಾವ ವ್ಯಾನಿನ ಅಡಿಗೆ ಟಾರ್ಚು ಬಿಟ್ಟು, ರ‍್ಯಾಂಪಿನ ಮೇಲೆ ಕುಣಿದು ನೋಡಿ, ಪಕ್ಕದ ಸೀಟಿನ ಬೆಲ್ಟನ್ನು ಹಗ್ಗಜಗ್ಗಾಟದವರಂತೆ ಎಳೆದು, ಸಾರಥಿಯ ಸಹನೆಯನ್ನೂ ತಪಾಸಣೆ ಮಾಡಿದರು. ಆಮೇಲೆ ಅವರೂ ನಾನೂ ಹಿಂದೆ, ಮಂಡಿ ನೋವಿನವರು ಕೂರಲಾರದಷ್ಟು ತಗ್ಗಾದ ಅಡ್ಡ ಬೆಂಚಿನಲ್ಲಿ ಕೂತೆವು. ಟೈಲರಮ್ಮ ಹತ್ತಿದರು. ಮುಂದಿನ ಬೀದಿಯಲ್ಲಿ ಮೇಷ್ಟ್ರು ಹತ್ತಿದರು; ಇಸ್ತ್ರಿ ಹಾಕಿದ ಅಂಗಿ, ಪಿನ್ನು ಹಾಕಿದ ಪ್ಯಾಂಟು. ಬಿಡುಗಡೆಯ ಟಿಪ್ಪಣಿಯನ್ನು ತಾನು ಓದಬೇಕೆಂದು ನನ್ನ ಫೋನು ಕೇಳಿ ಪಡೆದು, “ಇಬ್ಬರೂ ಒಪ್ಪಿದರೆ ಜೊತೆಯಾಗಿ ಹೋಗಬಹುದು” ಎಂದು ಗಟ್ಟಿಯಾಗಿ ಓದಿದರು. “ವಾಕ್ಯ ಸರಿಯಾಗಿದೆ.”

“ನಾನು ಒಪ್ಪಿದೀನಿ ಅಂತ ಯಾರು ಹೇಳಿದ್ದು?” ಎಂದರು ಹಿಂದಿನಿಂದ ಟೈಲರಮ್ಮ.

 ಫೋನು ವಾಪಸು ಪಡೆದು ಒಪ್ಪಿಗೆ ಒತ್ತಲು ಹೊರಟಿದ್ದ ಭಾವನ ಬೆರಳು ಗಾಳಿಯಲ್ಲೇ ನಿಂತಿತು. ಸಾರಥಿ ವ್ಯಾನನ್ನು ರಸ್ತೆಯ ಪಕ್ಕಕ್ಕೆ ತೆಗೆದರು.  ನಾನು ಇವ್ಯಾವುದಕ್ಕೂ ಪರೀಕ್ಷೆ ಬರೆದಿರಲಿಲ್ಲ.

ಟೈಲರಮ್ಮ ಕಿಟಕಿಯಾಚೆ ನೋಡುತ್ತಾ, “ಮೊದಲು ನನ್ನನ್ನ ಕೇಳಬೇಕು” ಎಂದರು.

ಮೇಷ್ಟ್ರು ಬೆಲ್ಟನ್ನು ಸಡಿಲಿಸಿ, ಆಪರೇಷನ್ ಆದ ಕಾಲನ್ನು ಕೈಯಿಂದ ಎತ್ತಿಟ್ಟು, ನೋವಿಗೆ ಹಲ್ಲು ಕಚ್ಚಿ, ಪೂರ್ತಿಯಾಗಿ ಹಿಂದಕ್ಕೆ ತಿರುಗಿದರು. “ಟೈಲರಮ್ಮ, ನನ್ನ ಜೊತೆ ಬರ್ತೀರಾ?”

“ಎಲ್ಲಿಗೆ?”

“ಫಿಸಿಯೋಥೆರಪಿಗೆ ಕಣ್ರೀ!”

“ಬರ್ತೀನಿ. ಆದ್ರೆ ಬಾಯಿ ಮುಚ್ಕೊಂಡು ಕೂರಬೇಕು.”

“ಅದಾಗಲ್ಲ.”

“ಗೊತ್ತು” ಎಂದರು ಟೈಲರಮ್ಮ. “ಮುಂದಕ್ಕೆ ತಿರುಗಿ, ಪ್ಯಾಂಟು ಸುಕ್ಕಾಗುತ್ತೆ.”

ಭಾವ ಒತ್ತಿದರು. ಸಾರಥಿ ಗೇರು ಹಾಕಿದರು. ತಮ್ಮ ದಾಖಲೆಯಲ್ಲಿ ಆ ಕ್ಷಣಕ್ಕೆ ‘ಒಪ್ಪಿಗೆ ದೊರೆತಿದೆ’ ಎಂಬ ಎರಡೇ ಪದಗಳಿವೆ. ಅವು ಯಾವ ಒಪ್ಪಿಗೆಯ ಬಗ್ಗೆ ಎಂದು ಯಾರಾದರೂ ಕೇಳಿದರೆ ತಮಗೆ ಹೇಳಲು ಬರಲಾರದು.

ಮಾನ್ಯರೇ, ಈಗ ತಮ್ಮಲ್ಲಿ ಕೆಲವು ಅರಿಕೆಗಳಿವೆ. ತಾವು ಆಗೊಮ್ಮೆ ಈಗೊಮ್ಮೆ ಸೀನಬೇಕು. ಒಳಗೆ ಯಾರೋ ಇದ್ದಾರೆಂಬ ಧೈರ್ಯ ನಮಗೆ ಬರುತ್ತದೆ. ವರ್ಷಕ್ಕೊಮ್ಮೆಯಾದರೂ ತಮ್ಮ ಗಡಿಯಾರವನ್ನು ನಮ್ಮ ಕಿಟಕಿಯ ಬಿಸಿಲಿಗೆ ತಂದಿಡಬೇಕು. ಕೆಂಪು ಗೆರೆ ಎಳೆಯುವ ಮುನ್ನ, ಹಸಿರು ಟಿಕ್ ಹಾಕುವ ಮುನ್ನ ಅದಕ್ಕಿಂತ ಹೆಚ್ಚಾಗಿ, ‘ಕೆಳಗೆ ಗೇಟಿನಲ್ಲಿ ಯಾರು ಕಾಯುತ್ತಿದ್ದಾರೆ?’ ಎಂದು ಒಂದು ಮಾತು ಕೇಳಬೇಕು. ಇವ್ಯಾವುದೂ ತಮ್ಮಿಂದ ಆಗದಿದ್ದರೆ ಬೇಸರವಿಲ್ಲ. ತಾವು ಖಾಲಿ ಜಾಗಗಳನ್ನು ಹಿಡಿಯುತ್ತಿರಿ. ಖಾಲಿ ಸೀಟುಗಳನ್ನು ನಾವು ನೋಡಿಕೊಳ್ಳುತ್ತೇವೆ.

ತಮ್ಮ ಕೆಂಪನ್ನು ಸಹಿಸಿಯೂ ಹಸಿರನ್ನು ಪೂರ್ತಿ ನಂಬದಿರಲು ಕಲಿತ,

ತಮ್ಮ ವಿಶ್ವಾಸಿ,
‘ಸರದಿ’ಯ ಪಾಲಕಿ

ವಿ.ಸೂ.: ಇಷ್ಟು ಬರೆದಾದ ಮೇಲೆ, ಎಂದಿನ ಭಯಭಕ್ತಿಯಿಂದ, ಈ ಪತ್ರವನ್ನೂ ತಮ್ಮ ತಪಾಸಣೆಗೆ ಕಳಿಸಿದೆ. ಮೊದಲಿಂದ ಕೊನೆಯವರೆಗೆ ತಮ್ಮ ದೋಷಗಳನ್ನಷ್ಟೇ ಬರೆದಿರುವ ಈ ಪತ್ರಕ್ಕೆ ತಾವು ಕಣ್ಣು ಮಿಟುಕಿಸುವಷ್ಟರಲ್ಲಿ ಹಸಿರು ಟಿಕ್ ಕೊಟ್ಟು, ‘ಯಾವ ದೋಷವೂ ಕಂಡುಬಂದಿಲ್ಲ’ ಎಂದು ತಿಳಿಸಿದ್ದೀರಿ. ನಮ್ಮ ಕನ್ನಡಕದ ಅಂಗಡಿ ಭಾನುವಾರವೂ ತೆರೆದಿರುತ್ತದೆ.